ಹದಕ್ಕೆ ಕಾದಿದ್ದ ಕತ್ತರಿಗಳು

ಅಕ್ಕನ ಉಗುರಿನ ಸಂದಿಯಲ್ಲಿ ಕೂತಿದ್ದ ಕರಿ ಎಣ್ಣೆಯನ್ನು ತಂಗಿ ಸೋಪುನೀರಿನ ಬಟ್ಟೆಯಿಂದ ಉಜ್ಜುತ್ತಲೇ ಇದ್ದಳು. ಅದು ಹೋಗುವ ಹಾಗೆ ಕಾಣಲಿಲ್ಲ. ಹೆಣ ಒಯ್ಯುವ ವ್ಯಾನು ಬಾಗಿಲಿಗೆ ಬಂದು ನಿಂತಿತ್ತು. ಹೂವಿನವನ ಸುಳಿವಿರಲಿಲ್ಲ. ಇದರ ಮಧ್ಯೆ ಅಕ್ಕ ದುಡಿಯುತ್ತಿದ್ದ ಕತ್ತರಿ ಕಾರ್ಖಾನೆಯವರು ಗೇಟಿನ ಹತ್ತಿರ ಗುಂಪುಗೂಡಿ ಗುಸುಗುಸು ಎನ್ನುತ್ತಿದ್ದರು.

ಕಡೆಗೆ ಮೇಸ್ತ್ರಿ ಒಳಗೆ ಬಂದು, ಹೇಳಲೋ ಬೇಡವೋ ಎಂದು ನಿಂತ. ನಿನ್ನೆ ಅಲಗುಗಳನ್ನು ಕುಲುಮೆಯಿಂದ ತೆಗೆದು ಎಣ್ಣೆಗೆ ಅದ್ದಿದ ಮೇಲೆಯೇ ಅಕ್ಕ ತೊಟ್ಟಿಯ ಪಕ್ಕದಲ್ಲಿ ಕುಸಿದದ್ದು. ಅವನ್ನು ಮತ್ತೆ ಹದವಾಗಿ ಕಾಯಿಸುವ ಕೆಲಸ ಹಾಗೆಯೇ ಉಳಿದಿತ್ತು. ಬೆಳಿಗ್ಗೆ ನೋಡಿದರೆ ತಟ್ಟೆಯಲ್ಲಿ ಮಲಗಿದ್ದಲ್ಲೇ ಕೆಲವು ಸೀಳುಬಿಟ್ಟಿದ್ದವು. ಮಿಕ್ಕವನ್ನಾದರೂ ಉಳಿಸಬೇಕಿತ್ತು. ಆದರೆ ಅದು ಹೊಸ ಉಕ್ಕು. ಅದರ ಹದ ಕಂಡುಹಿಡಿದವಳು ಅಕ್ಕ ಒಬ್ಬಳೇ.

“ತಪ್ಪು ತಿಳ್ಕೋಬೇಡಿ ಅಮ್ಮ,” ಎಂದ ಮೇಸ್ತ್ರಿ. “ಎಷ್ಟು ಬಿಸಿ ಅಂತ ನಿಮ್ಮಕ್ಕ ಮನೇಲಿ ಏನಾದ್ರೂ ಹೇಳಿದ್ರಾ?”

ತಂಗಿ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. ಇವತ್ತೂ ಉಕ್ಕಿನ ಮಾತು ಬಿಡಲಿಲ್ಲವಲ್ಲ ಇವಳು.

*

ತಂಗಿ ಗಂಡನ ಮನೆಯಿಂದ ಒಂದು ಚೀಲ ಹಿಡಿದು ಹೊರಟುಬಂದ ದಿನವೂ ಹೀಗೆಯೇ ಆಗಿತ್ತು. ಅಕ್ಕ ಏನಾಯಿತೆಂದು ಕೇಳಲಿಲ್ಲ. ಅನ್ನ ಬಡಿಸಿ, ಎದುರು ಕೂತು, ಕಾರ್ಖಾನೆಯ ಮಾತು ಶುರುಮಾಡಿದಳು. ಆಗಷ್ಟೇ ಎಣ್ಣೆಯಿಂದ ತೆಗೆದ ಉಕ್ಕು ಗಾಜಿನಷ್ಟು ಗಡುಸಂತೆ, ಗಾಜಿನ ಹಾಗೆಯೇ ಒಡೆಯುತ್ತದಂತೆ. ಮೆಲ್ಲಗೆ ಕಾಯಿಸಿದರೆ ಅದರ ಬಿಗಿ ಸಡಿಲುತ್ತದಂತೆ. ಅಳುತ್ತ ಕೇಳುತ್ತಿದ್ದ ತಂಗಿಗೆ ಮೈಯೆಲ್ಲ ಉರಿದುಹೋಯಿತು.

“ಅಂದ್ರೆ ನಾನು ಮೆತ್ತಗಾಗಿ ವಾಪಸ್ ಹೋಗ್ಬೇಕು ಅಂತಾನಾ?”

ಅಕ್ಕ ಕಣ್ಣು ಪಿಳಿಪಿಳಿ ಬಿಟ್ಟಳು. “ನಿನ್ನ ವಿಷಯ ಯಾರು ಎತ್ತಿದ್ರು? ನಾನು ಉಕ್ಕಿನ ಮಾತಾಡ್ತಿದೀನಿ.” ಇನ್ನೊಂದು ಸೌಟು ಸಾರು ಬಡಿಸಿ ಅಂದಳು: “ಹೋಗ್ಬೇಡ. ಒಳಗಿನ ರೂಮು ನಿಂದೇ.”

ಆ ರೂಮಿನಲ್ಲೇ ತಂಗಿ ಹೊಲಿಗೆ ಮೆಷಿನ್ ಹಾಕಿಕೊಂಡಳು. ವಾಪಸ್ ಹೋಗಲಿಲ್ಲ. ಅಕ್ಕನ ಮಾತೂ ನಿಲ್ಲಲಿಲ್ಲ.

*

“ಏನಾದ್ರೂನಾ?” ಎಂದಳು ತಂಗಿ. “ಊಟಕ್ಕೆ ಕೂತ್ರೆ ಅದೇ, ತಲೆ ಬಾಚ್ಕೊಳ್ಳೋವಾಗ್ಲೂ ಅದೇ. ನನ್ನ ತಲೆ ತಿಂದಿಟ್ಟಿದ್ಲು. ಇನ್ನೂರ ಇಪ್ಪತ್ತು ಡಿಗ್ರಿ. ಬೇಗ ಮುಗೀಲಿ ಅಂತ ಮೇಲೆ ಏರಿಸ್ಬೇಡಿ.”

ಮೇಸ್ತ್ರಿ ತಲೆಯಾಡಿಸಿದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಎಣ್ಣೆಗೆ ಅದ್ದಿದಾಗ ಇಂಗಾಲ ಕಬ್ಬಿಣದೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೇ ಅಲಗು ಬಿಗಿದುಕೊಂಡು ಸೀಳುಬಿಡುವುದು ಎಂದು ತಂಗಿ ಮುಂದುವರಿಸಿದಳು. ಹದವಾಗಿ ಕಾಯಿಸಿದರೆ ಆ ಇಂಗಾಲ ಹೊರಬಿದ್ದು, ಕಬ್ಬಿಣದ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬೈಡ್ ಕಣಗಳಾಗುತ್ತದೆ. ಆಗ ಅಲಗು ಒಡೆಯುವುದೂ ಇಲ್ಲ, ಮೊಂಡಾಗುವುದೂ ಇಲ್ಲ.

“ಬಿಸಿ ಜಾಸ್ತಿ ಆದ್ರೆ ಕಣಗಳು ದಪ್ಪ ಆಗ್ತವೆ, ಅಲಗು ಮೆತ್ತಗಾಗುತ್ತೆ. ಆಮೇಲೆ ಅದರಲ್ಲಿ ಬಟ್ಟೆ ಕತ್ತರಿಸೋರು ನಾವು, ಬಾಯಿ ಬಡ್ಕೊಳ್ಳೋರೂ ನಾವೇ.”

ಬಾಗಿಲಲ್ಲಿ ಪಕ್ಕದ ಮನೆಯವರು ಬಾಯಿ ತೆರೆದು ನಿಂತಿದ್ದರು. ಮೇಸ್ತ್ರಿ ಅಕ್ಕನ ಮುಖ ನೋಡಿ ಕಣ್ಣೊರೆಸಿಕೊಂಡ, ಹೊರಡಲಿಲ್ಲ. ಹೆಣ ಎತ್ತುವ ಮೊದಲು ಹೋಗುವುದು ಹೇಗೆ ಎಂದು ಗೊಣಗಿದ.

“ಇಲ್ಲಿ ನಿಂತು ಅತ್ರೆ ಅಲಗು ಹದವಾಗಲ್ಲ. ಹೊರಡಿ ಅಂದೆ.”

ಮೇಸ್ತ್ರಿಯೂ ಕಾರ್ಖಾನೆಯವರೂ ಓಡುನಡಿಗೆಯಲ್ಲಿ ಹೊರಟುಹೋದರು. ಹೊರಲು ಗಟ್ಟಿ ಭುಜಗಳೇ ಉಳಿಯಲಿಲ್ಲ. ಪಕ್ಕದ ಮನೆಯ ಮುದುಕರು ಏದುಸಿರು ಬಿಡುತ್ತ ಒಂದು ಕಡೆ ಹಿಡಿದರೆ, ತಂಗಿ ಎಲ್ಲರಿಗೂ ಬೈಯುತ್ತಲೇ ಇನ್ನೊಂದು ಕಡೆಗೆ ಭುಜ ಕೊಟ್ಟಳು.

ವ್ಯಾನಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಮಾತಾಡಿದಳು: ಸಣ್ಣ ಕಣಗಳು ಯಾಕೆ ಒಳ್ಳೆಯವು, ಯಾವಾಗ ದಪ್ಪವಾಗುತ್ತವೆ, ಆತುರ ಯಾಕೆ ಕೂಡದು. ಸೆರಗಿನಿಂದ ಮತ್ತೆ ಮತ್ತೆ ಮೂಗೊರೆಸಿಕೊಂಡಳು. ಚಾಲಕ ಏನನ್ನೂ ಕೇಳಿರಲಿಲ್ಲ. ಆದರೂ ಅವನು ಗಾಡಿಯ ವೇಗ ತಗ್ಗಿಸಿ, ಪ್ರತಿಯೊಂದು ಮಾತಿಗೂ ಹೂಂಗುಟ್ಟುತ್ತಿದ್ದ.