ಬಲೆಮನೆಯ ಮುನಿಗಂಗಮ್ಮ

ಬೈಗುಳವಿಲ್ಲದೆ ಮುನಿಗಂಗಮ್ಮನ ಬಾಯಿಂದ ಕುಶಲಪ್ರಶ್ನೆಯೂ ಹೊರಡುತ್ತಿರಲಿಲ್ಲ. "ಇನ್ನೂ ಬದ್ಕಿದ್ದೀಯಾ ಸಾಮಿ?" ಎಂದರೆ ಅದೇ ನಮಸ್ಕಾರ, "ಓಗತ್ಲಾಗೆ" ಎಂದರೆ ಕೂತು ಮಜ್ಜಿಗೆ ಕುಡಿದು ಹೋಗು ಎಂದರ್ಥ. ಗಣಿಯಲ್ಲಿ ದುಡಿದು ತೀರಿಕೊಂಡ ಗಂಡನ ಖಾಕಿ ಕೋಟನ್ನು ಸೀರೆಯ ಮೇಲೆ ತೊಟ್ಟು, ಮೀನಿನ ಬುಟ್ಟಿ ಹೊತ್ತು ಹೊತ್ತು ಒಂದೇ ಪಕ್ಕಕ್ಕೆ ವಾಲಿದ ಸೊಂಟವನ್ನು ಬುಟ್ಟಿಯಿಲ್ಲದಾಗಲೂ ವಾಲಿಸಿಕೊಂಡು, ಆಕೆ ಬಂಗಾರಪೇಟೆಯ ಸಂತೆಯೊಳಕ್ಕೆ ನುಗ್ಗಿದರೆ ದಲ್ಲಾಳಿಗಳು ತಾವಾಗಿಯೇ ದಾರಿ ಬಿಡುತ್ತಿದ್ದರು. ಊರಿಗಾಂನಲ್ಲಿ ಮೇಷ್ಟ್ರಾಗಿದ್ದ ನನಗೆ ಆಕೆಯ ಪರಿಚಯವಾದದ್ದು ಮಾರಿಕುಪ್ಪಂ ರೈಲಿನಲ್ಲಿ. ಆಕೆಯ ಬುಟ್ಟಿಯ ನೀರು ನನ್ನ ಪಂಚೆಯ ಮೇಲೆ ಸೋರಿತು, ಬೈಸಿಕೊಂಡವನು ನಾನೇ!

ಆಕೆಯ ಊರಿನ ಕೆರೆಯಂಚಿನಲ್ಲಿ ಬೆಸ್ತರ ಪುರಾತನ ಬಲೆಮನೆಯೊಂದಿತ್ತು. ಪ್ರತಿವರ್ಷ ಕೆರೆಗೆ ಹೊಸನೀರು ಬಂದಾಗ, ಬಲೆಗೆ ಬಣ್ಣ ಹಾಕುವ ತಂಗಡಿ ತೊಗಟೆಯ ಕಷಾಯದಲ್ಲಿ ಕೈಯದ್ದಿ ಅದರ ಒಳಗೋಡೆಗೆ ಒತ್ತಬೇಕು. ಒತ್ತದವನು ಬಲೆ ಮುಟ್ಟುವಂತಿಲ್ಲ. ಸಾವಿರದ ಒಂಬೈನೂರ ಐವತ್ತಾರರಲ್ಲಿ ಆಕೆಯ ಒಬ್ಬನೇ ಮಗ ಮುನಿಶಾಮಿ, ಕೈಯೊತ್ತಿದ ವಾರದಲ್ಲೇ ಕೆರೆಯ ಪಾಲಾದ. ಅವನದೊಂದು ಫೋಟೋ ಕೂಡ ಇರಲಿಲ್ಲ. ಉಳಿದದ್ದು ಗೋಡೆಯ ಮೇಲಿನ ಆ ಕಂದು ಅಂಗೈ ಮಾತ್ರ. ಅದರ ಪಕ್ಕದಲ್ಲಿ ಕೈಯೊತ್ತಲು ಆಮೇಲೆ ಯಾರಿಗೂ ಧೈರ್ಯ ಬರಲಿಲ್ಲ. ಬಲೆಗಳು ಗೆದ್ದಲ ಪಾಲಾದವು, ಗಂಡಸರು ಕೂಲಿಗೆ ಹೋದರು, ಬಲೆಮನೆಯ ಸೂರು ಕುಸಿಯಿತು.

ಅರವತ್ತೊಂದರಲ್ಲಿ ಮುನಿಗಂಗಮ್ಮ ಸೆರಗು ಕಟ್ಟಿ ನಿಂತಳು. ಮನೆಮನೆಗೆ ಹೋಗಿ ಬೈದು ತೊಲೆ ತರಿಸಿದಳು, ಗಾರೆ ಅರೆಸಿದಳು, ನನ್ನಂಥ ಸೋಮಾರಿಯ ತಲೆಯ ಮೇಲೂ ಹೆಂಚು ಹೊರಿಸಿದಳು. ಮಗನ ಕೈಗೆ ಮಳೆ ತಾಗದಿರಲೆಂದೇ ಈ ಹಟವೆಂದು ನಾವೆಲ್ಲ ನಂಬಿದ್ದೆವು. ಸೂರು ಹೊಸದಾದರೆ ಗೋಡೆಗೆ ಸುಣ್ಣ ಬಳಿಯುವುದು ವಾಡಿಕೆ. ಆಕೆಯ ಮೈದುನ ರಾಮಚಂದ್ರಪ್ಪ ಎಲ್ಲ ಬಳಿದು, ಆ ಅಂಗೈಯಷ್ಟು ಜಾಗವನ್ನು ಹಾಗೇ ಬಿಟ್ಟ. ಭೇಷ್ ಎಂದು ನಾನೂ ಬೆನ್ನು ತಟ್ಟಿದೆ.

ಆಕೆ ಒಳಗೆ ಬಂದು ನೋಡಿದಳು.

"ಯಾವನ್ಲಾ ಇದನ್ನ ಬಿಟ್ಟೋನು?"

"ಅತ್ಗೆ, ಅದು ಮುನಿಶಾಮಿ ಕೈ ಅಲ್ವಾ..."

"ಗೊತ್ತು ಕಣ್ಲಾ. ಅವನ್ನ ಎತ್ತ ತಾಯಿ ನಾನು."

ಅವನ ಕೈಯಿಂದ ಕುಂಚ ಕಿತ್ತುಕೊಂಡವಳೇ ಆ ಅಂಗೈಯ ಮೇಲೆ ಸುಣ್ಣ ಎಳೆದೇಬಿಟ್ಟಳು! ಅಯ್ಯೋ ಶಿವನೇ! "ಏನಮ್ಮಾ ಮಾಡ್ದೆ? ಇನ್ನೆಲ್ಲಿಂದ ತರ್ತೀಯ ಅದನ್ನ?" ಎಂದು ಕೂಗಿಕೊಂಡೆ. ಹಸಿ ಸುಣ್ಣದಡಿಯಲ್ಲಿ ಬೆರಳುಗಳು ಇನ್ನೂ ಕಾಣುತ್ತಿದ್ದವು. ಆಕೆ ಮತ್ತೆ ಬಳಿದಳು, ಮತ್ತೂ ಬಳಿದಳು.

"ಇದಿರೋಗಂಟ ಯಾವನೂ ಇಲ್ಲಿ ಕೈ ಒತ್ತಲ್ಲ ಸಾಮಿ," ಎಂದಳು. ಆ ಮಾತಿಗೆ ಮಾತ್ರ ಬೈಗುಳ ಸೇರಿರಲಿಲ್ಲ. ಆಮೇಲೆ ರಾಮಚಂದ್ರಪ್ಪನ ಮಣಿಕಟ್ಟು ಹಿಡಿದೆಳೆದು, ಮೊದಲೇ ಕಾಯಿಸಿಟ್ಟಿದ್ದ ಕಷಾಯದಲ್ಲಿ ಅದ್ದಿ, ಗೋಡೆಗೆ ಒತ್ತಿಸಿದಳು.

ಸತ್ತವರ ಗುರುತನ್ನು ಎದೆಗವಚಿಕೊಂಡು ಕೂರುವ ತಾಯಂದಿರ ದುಃಖ ನಮಗೆ ಅರ್ಥವಾಗುತ್ತದೆ. ಜೊತೆಗೆ ಕೂತು ಅಳಲೂ ಬರುತ್ತದೆ. ಆದರೆ ಕಂಡವರ ಮಕ್ಕಳು ಬದುಕಲೆಂದು ತಮ್ಮ ಮಗನ ಗುರುತನ್ನು ತಾವೇ ಅಳಿಸಬಲ್ಲ ತಾಯಂದಿರೂ ಈ ಲೋಕದಲ್ಲಿದ್ದಾರೆ. ಅಂಥವರ ಮುಂದೆ ಕೈಮುಗಿಯಬೇಕೋ, ಹೆದರಿ ಓಡಿಹೋಗಬೇಕೋ, ನನಗೆ ಇವತ್ತಿಗೂ ತಿಳಿಯದು.