ಚಿಕ್ಕಮ್ಮನ ಗದ್ದದ ಹಳದಿ

ಚಿಕ್ಕಮ್ಮನಿಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಹಣೆಗೆ ನೀಲಿ, ಮೂಗಿಗೆ ಕೆಂಪು, ಗದ್ದಕ್ಕೆ ಹಳದಿ, ಎರಡೂ ಮಂಡಿಗೆ ಹಸಿರು. ಹೀಗೆ ಸಿಂಗಾರ ಮಾಡಿ, ಹೊಸ ಕಾರಿನ ಡ್ರೈವರ್ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ಕಾರಿನ ಸಮೇತ ಗೋಡೆಗೆ ಗುದ್ದಿಸುತ್ತೇವೆ. ಚಿಕ್ಕಮ್ಮ ಅಂದರೆ ರಬ್ಬರು, ಉಕ್ಕು, ವೈರುಗಳ ಬೊಂಬೆ. ಗಿಡ್ಡ ಹೆಂಗಸಿನ ಅಳತೆಯವಳು. ಗಂಡಸಿನ ಅಳತೆಯವನಿಗೆ ದೊಡ್ಡಪ್ಪ ಅನ್ನುತ್ತೇವೆ. ಹೆಸರು ಯಾರಿಟ್ಟರೋ ತಿಳಿಯದು, ನಾನು ಈ ಪ್ರಯೋಗಾಲಯ ಸೇರುವ ಮೊದಲೇ ಇತ್ತು. ಹದಿನಾರು ವರ್ಷದಲ್ಲಿ ನನ್ನ ಸ್ವಂತ ಮಕ್ಕಳ ಮುಖಕ್ಕಿಂತ ಇವಳ ಮುಖ ಒರೆಸಿದ್ದೇ ಹೆಚ್ಚು ಎಂದು ಗಂಡ ರೇಗಿಸುತ್ತಾರೆ. ಸುಳ್ಳೇನಲ್ಲ.

ಬಣ್ಣ ಯಾಕೆಂದರೆ, ಗುದ್ದಿದ ಮೇಲೆ ಕಾರಿನೊಳಗೆ ಯಾವ ಬಣ್ಣ ಎಲ್ಲಿ ಹತ್ತಿದೆ ನೋಡಿದರೆ ಯಾವ ಅಂಗ ಎಲ್ಲಿ ಬಡಿಯಿತು ಎಂದು ಗೊತ್ತಾಗುತ್ತದೆ. ಏರ್‌ಬ್ಯಾಗ್ ಮೇಲೆ ನೀಲಿ, ಕೆಂಪು, ಹಳದಿ ಮೂರೂ ಮೆತ್ತಿಕೊಂಡಿದ್ದರೆ ಎಲ್ಲರಿಗೂ ಖುಷಿ. ಮುಖ ಮೆತ್ತನೆಯ ಚೀಲಕ್ಕೆ ಹೋಗಿದೆ, ಗಟ್ಟಿಯಾದದ್ದಕ್ಕೆ ತಗುಲಿಲ್ಲ ಎಂದರ್ಥ.

ಆ ದಿನ ಚೀಲದ ಮೇಲೆ ಮೂರೂ ಬಣ್ಣ ಇದ್ದವು. ಚೀಲವನ್ನು ಪಕ್ಕಕ್ಕೆ ಸರಿಸಿದಾಗ ಸ್ಟೇರಿಂಗ್ ಚಕ್ರದ ಮೇಲ್ತುದಿಯಲ್ಲಿ, ಒಳಬದಿಗೆ, ಹೆಬ್ಬೆರಳಗಲ ಹಳದಿಯೂ ಇತ್ತು.

ನಮ್ಮ ಮುಖ್ಯ ಇಂಜಿನಿಯರ್ ಬಗ್ಗಿ ನೋಡಿದರು. ಅವರಿಗೆ ಮಿಲಿಸೆಕೆಂಡು ಎಂದು ಅಡ್ಡಹೆಸರು. ಗುದ್ದಿದ ನಲವತ್ತನೇ ಮಿಲಿಸೆಕೆಂಡಿನಲ್ಲಿ ಏನಾಯಿತು ಎಂದು ಬಾಯಿಪಾಠ ಒಪ್ಪಿಸುವ ಮನುಷ್ಯ, ಒಂಬತ್ತರ ಮೀಟಿಂಗಿಗೆ ಹತ್ತಕ್ಕೆ ಬರುತ್ತಾರೆ.

"ಇದು ನಿಮ್ಮ ಕೈಯೇ ತಾನೇ?" ಅಂದರು.

ಬೇರೆ ದಿನವಾಗಿದ್ದರೆ ನಕ್ಕು "ಹೂಂ ಸರ್, ನನ್ನದೇ" ಅಂದುಬಿಡುತ್ತಿದ್ದೆ. ಹಿಂದೆ ಹಾಗೆ ಅಂದದ್ದುಂಟು. ನನಗೊಂದು ಚಾಳಿ ಇದೆ. ಚಿಕ್ಕಮ್ಮನ ಗದ್ದದಿಂದ ಸ್ಟೇರಿಂಗಿನ ಮೇಲ್ತುದಿಗೆ ಎಷ್ಟು ದೂರ ಎಂದು ಬಣ್ಣ ಹಚ್ಚುವ ಮೊದಲು ಟೇಪಿನಲ್ಲಿ ಅಳೆದು ಬರೆಯಬೇಕು, ಅದು ನಿಯಮ. ನಾನು ಬಣ್ಣ ಹಚ್ಚಿದ ಮೇಲೂ ಇನ್ನೊಂದು ಸಲ ಅಳೆಯುತ್ತೇನೆ. ನಿಯಮದಲ್ಲಿಲ್ಲ, ನನ್ನ ಸಮಾಧಾನಕ್ಕೆ. ಟೇಪಿನ ಒಂದು ತುದಿ ಗದ್ದದ ಹತ್ತಿರ, ಇನ್ನೊಂದು ತುದಿಯನ್ನು ಹೆಬ್ಬೆರಳಿನಿಂದ ಚಕ್ರಕ್ಕೆ ಒತ್ತಿ. ಒಂದೊಂದು ಸಲ ಹೆಬ್ಬೆರಳಿಗೆ ಬಣ್ಣ ಇರುತ್ತದೆ. ಹಳದಿ ಬಿದ್ದಿದ್ದು ಸರಿಯಾಗಿ ಆ ಜಾಗದಲ್ಲೇ.

ಆದರೆ ಆವತ್ತು ಬೆಳಿಗ್ಗೆ ಎರಡನೇ ಸಲ ಅಳೆದೆನಾ?

ನೆನಪಾಗಲಿಲ್ಲ. ಅಳೆದದ್ದು ಕಣ್ಣಿಗೆ ಕಟ್ಟಿದಂತಿತ್ತು, ಆದರೆ ಅದು ಇವತ್ತಿನದೋ ಹೋದ ವಾರದ್ದೋ ಹೇಳಲಾಗಲಿಲ್ಲ. ಮನೆಗೆ ಬೀಗ ಹಾಕಿ ಬಸ್ ಸ್ಟಾಪಿಗೆ ಬಂದ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ನಿಲ್ಲುತ್ತೇವಲ್ಲ, ಹಾಗೆ. ನೆನಪಿನಲ್ಲಿ ನೂರು ಬೀಗ ಇರುತ್ತವೆ, ಇವತ್ತಿನದು ಯಾವುದು ಎಂದು ಗೊತ್ತಿರುವುದಿಲ್ಲ.

"ಗೊತ್ತಾಗ್ತಿಲ್ಲ ಸರ್" ಅಂದೆ.

"ಗೊತ್ತಾಗ್ತಿಲ್ಲ ಅಂದ್ರೆ? ನಿಮ್ಮ ಕೈ ನಿಮಗೇ ಗೊತ್ತಿಲ್ವಾ?"

ನನ್ನ ಕೈ ಎಂದಾದರೆ ಕಾರು ಪಾಸು, ಸಂಜೆ ಐದಕ್ಕೆ ವರದಿ ಹೋಗುತ್ತದೆ, ಮುಂದಿನ ತಿಂಗಳು ರಸ್ತೆಗಿಳಿಯುತ್ತದೆ. ಚಿಕ್ಕಮ್ಮನ ಗದ್ದ ಎಂದಾದರೆ ಚೀಲ ಹೊರಳಿಕೊಂಡು ಗದ್ದಕ್ಕೆ ದಾರಿ ಬಿಟ್ಟಿದೆ ಎಂದರ್ಥ, ಕಾರು ವಾಪಸ್. ಇಡೀ ಕಾರು ನನ್ನ ಒಂದು ಹೆಬ್ಬೆರಳ ಮೇಲೆ ನಿಂತಿತ್ತು.

ಹಾಗಾದರೆ ಬೇರೆ ಸಾಕ್ಷಿ ನೋಡೋಣ ಎಂದರು. ಕ್ಯಾಮೆರಾದವನು ಫಿಲ್ಮ್ ಹಾಕಿದ. ಸೆಕೆಂಡಿಗೆ ಸಾವಿರ ಚಿತ್ರ. ಚೀಲ ಉಬ್ಬುತ್ತದೆ, ಚಿಕ್ಕಮ್ಮ ಮುಂದೆ ಬಾಗುತ್ತಾಳೆ, ಗದ್ದ ಚೀಲದ ಹಿಂದೆ ಮರೆಯಾಗುತ್ತದೆ, ಆಮೇಲೆ ಬರೀ ಬಿಳಿ. ಕತ್ತಿನೊಳಗಿನ ಸೆನ್ಸರಿನ ಗೆರೆಯಲ್ಲಿ ಐವತ್ತೆಂಟನೇ ಮಿಲಿಸೆಕೆಂಡಿನಲ್ಲಿ ಒಂದು ಸಣ್ಣ ಉಬ್ಬು ಇತ್ತು.

"ಇದು ಚೀಲ ತಳ್ಳಿದ್ದಿರಬಹುದು" ಅಂದರು ಮಿಲಿಸೆಕೆಂಡು. "ವೈರು ಅಲ್ಲಾಡಿದ್ದೂ ಇರಬಹುದು."

"ಗದ್ದ ಬಡಿದದ್ದೂ ಇರಬಹುದಲ್ವಾ ಸರ್?"

"ಇರಬಹುದು. ಮಿತಿಯೊಳಗೇ ಇದೆ."

ಗುದ್ದುವ ಮೊದಲು ತೆಗೆದ ಫೋಟೋಗಳಲ್ಲಿ ಆ ಜಾಗವೊಂದೇ ಕಾಣುತ್ತಿರಲಿಲ್ಲ. ಇಪ್ಪತ್ತಾರು ಫೋಟೋ, ಮಂಡಿಯದೇ ಆರು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗದೆ ಕ್ಯಾಮೆರಾದವನ ಮೇಲೆ ಹರಿಹಾಯ್ದೆ. ಅವನು ತಲೆ ತಗ್ಗಿಸಿ, "ನೀವೇ ಒಂದ್ಸಲ ಮಾಡಿ ತೋರಿಸಿ ಮೇಡಂ, ಕೈ ತಾನಾಗೇ ಹೋಗುತ್ತೋ ನೋಡೋಣ" ಅಂದ. ಸರಿ ಅನ್ನಿಸಿತು. ಇನ್ನೊಂದು ಹಳೇ ಕಾರಿನಲ್ಲಿ ಚಿಕ್ಕಮ್ಮನನ್ನು ಕೂರಿಸಿ, ಬಣ್ಣ ಹಚ್ಚಿ, ಯೋಚಿಸದೆ ಮಾಡಲು ನೋಡಿದೆ. ಮೂರು ಜನ ಕೈಕಟ್ಟಿ ನೋಡುತ್ತಾ ನಿಂತಿದ್ದರು. ಯೋಚಿಸಬಾರದು ಎಂದು ಯೋಚಿಸುತ್ತಾ ಕೈ ಗಾಳಿಯಲ್ಲೇ ನಿಂತಿತು. ಹದಿನಾರು ವರ್ಷ ಮಾಡಿದ ಕೆಲಸದಲ್ಲಿ ಮುಂದಿನದು ಯಾವುದು ಎಂದು ಮರೆತು, ಬೆಲ್ಟ್ ಹಾಕುವುದನ್ನೇ ಬಿಟ್ಟೆ.

ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ನನಗಿಂತ ಐದು ವರ್ಷ ದೊಡ್ಡವಳು, ಒಂದು ಗೇಣು ಗಿಡ್ಡ. ಇದೇ ಕಾರನ್ನು ಬುಕ್ ಮಾಡಿ ಕೂತಿದ್ದಾಳೆ. ನನ್ನ ತಂಗಿ ಪರೀಕ್ಷೆ ಮಾಡಿದ ಕಾರು ಎಂದು ಊರಿಗೆಲ್ಲಾ ಹೇಳಿಕೊಂಡು ಬಂದಿದ್ದಾಳೆ.

"ಪಾಸಾಯ್ತೇನೇ ನನ್ನ ಕಾರು?"

"ಇನ್ನೂ ಇಲ್ಲ ಅಕ್ಕ. ನೀನು ಸೀಟನ್ನ ಯಾಕೆ ಅಷ್ಟು ಮುಂದೆ ಎಳ್ಕೊಂಡು ಕೂರ್ತೀಯ?"

"ಹಿಂದೆ ಹಾಕಿದ್ರೆ ಕಾಲು ಎಟುಕಲ್ಲ ಕಣೇ. ನೀನು ಬಂದು ಬ್ರೇಕ್ ಒತ್ತುತೀಯಾ?" ಎಂದು ನಕ್ಕಳು. "ಯಾಕೆ, ಏನಾಯ್ತು?"

"ಏನಿಲ್ಲ" ಅಂದೆ. ಏನಾಯಿತು ಎಂದು ಗೊತ್ತಿದ್ದರೆ ತಾನೇ ಹೇಳುವುದು.

ಮೂರು ಗಂಟೆಗೆ ನಮೂನೆ ನನ್ನ ಮೇಜಿಗೆ ಬಂತು. "ಗುರುತಿನ ಕಾರಣ" ಎಂಬ ಸಾಲಿನ ಮುಂದೆ ಎರಡು ಚೌಕ: ಪರೀಕ್ಷೆಯಲ್ಲಿ ತಗುಲಿದ್ದು, ತಯಾರಿಯಲ್ಲಿ ತಗುಲಿದ್ದು. ಮೂರನೇ ಚೌಕ ಇಲ್ಲ. ಪೆನ್ನು ಹಿಡಿದು ಕೂತೆ. ಅತ್ತ ದರಿ ಇತ್ತ ಪುಲಿ. ನನ್ನ ಕೈಯೇ ಎಂದು ಒಮ್ಮೆ ಖಾತ್ರಿಯಾಗುತ್ತಿತ್ತು. ಬೆರಳನ್ನು ನೋಡಿಕೊಂಡರೆ ಉಗುರಿನ ಸಂದಿಯಲ್ಲಿ ಹಳದಿ ಇತ್ತು. ಆದರೆ ಅದು ಈಗಷ್ಟೇ ಹಳೇ ಕಾರಿನಲ್ಲಿ ಹಚ್ಚಿದ್ದು. ಖಾತ್ರಿ ಹಾಗೇ ಇಳಿದುಹೋಯಿತು.

ಆಗ ಹೊಳೆಯಿತು. ನಾವೆಲ್ಲರೂ ಬೆಳಿಗ್ಗೆಯಿಂದ ಬೊಂಬೆಯಿಂದ ಕಾರಿಗೆ ಏನು ಹೋಯಿತು ಎಂದೇ ಹುಡುಕುತ್ತಿದ್ದೆವು. ನಮ್ಮ ಕಣ್ಣು ಪಳಗಿರುವುದೇ ಹಾಗೆ. ಕಾರಿನಿಂದ ಬೊಂಬೆಗೆ ಏನು ಬಂತು ಎಂದು ಯಾರೂ ನೋಡಿರಲಿಲ್ಲ. ಗದ್ದ ಅಷ್ಟು ಜೋರಾಗಿ ಚಕ್ರಕ್ಕೆ ಬಡಿದಿದ್ದರೆ ಚಕ್ರದ ಕಪ್ಪು ಆ ಹಳದಿಯಲ್ಲಿ ಹತ್ತಿರಬೇಕು. ಎದ್ದು ಓಡಿದೆ. ಚಿಕ್ಕಮ್ಮನ ಮುಖ ಹಳೇ ಕಾರಿಗೆಂದು ನಾನೇ ಮತ್ತೆ ಬಳಿದ ಬಣ್ಣದಲ್ಲಿ ಥಳಥಳ ಹೊಳೆಯುತ್ತಿತ್ತು. ಬೆಳಗಿನ ಬಣ್ಣವನ್ನು ಗುದ್ದಿದ ಹತ್ತೇ ನಿಮಿಷಕ್ಕೆ ಒರೆಸಿದ್ದೆ, ಒಣಗಿದರೆ ಅವಳ ಚರ್ಮ ಹಾಳಾಗುತ್ತದೆಂದು. ಒರೆಸಿದ ಬಟ್ಟೆ? ಸಿಂಕಿನ ಮೇಲಿನ ಹಗ್ಗದಲ್ಲಿ ನೇತಾಡುತ್ತಿತ್ತು. ಸೋಪು ಹಾಕಿ ಉಜ್ಜಿ ತೊಳೆದು ಹಿಂಡಿ ಒಣಹಾಕಿದ್ದೆ. ಕೊಳೆ ಬಟ್ಟೆ ಬಿಟ್ಟು ಹೋಗಬಾರದು ಎಂದು ಅಮ್ಮ ಕಲಿಸಿದ್ದು. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಹಾಲಿನಂತೆ ಬೆಳ್ಳಗಿತ್ತು. ಅಲ್ಲೇ ಸಿಂಕಿಗೊರಗಿ ಅತ್ತುಬಿಟ್ಟೆ. ಇಷ್ಟು ಅಚ್ಚುಕಟ್ಟಾಗಿ ಸಾಕ್ಷಿ ಅಳಿಸಲು ಕಳ್ಳನಿಗೂ ಬರುವುದಿಲ್ಲ.

ನಾಲ್ಕೂವರೆಗೆ ನಮೂನೆ ಹಿಡಿದು ಮಿಲಿಸೆಕೆಂಡು ಅವರ ಕೋಣೆಗೆ ಹೋದೆ. ಎರಡು ಚೌಕದ ಪಕ್ಕ ಕೈಯಲ್ಲೇ ಮೂರನೆಯದನ್ನು ಬರೆದು, ಅದರ ಮುಂದೆ "ಗೊತ್ತಿಲ್ಲ" ಎಂದು ಬರೆದಿದ್ದೆ.

ಅವರು ಓದಿ, ನಮೂನೆಯನ್ನು ನನ್ನ ಕಡೆಗೆ ತಿರುಗಿಸಿದರು. "ಏನಮ್ಮ ಇದು. ನಮ್ಮ ಟೆಕ್ನಿಷಿಯನ್‌ಗೆ ತಾನೇನು ಮಾಡಿದ್ದು ನೆನಪಿಲ್ಲ, ಅದಕ್ಕೆ ಇನ್ನೊಂದು ಕಾರು ಗುದ್ದಿಸಿ ಅಂತ ಬರೀಲಾ?"

"ಬರೀರಿ ಸರ್."

"ಬಣ್ಣದ ಕೆಲಸ ನಿಮ್ಮ ಕೈತಪ್ಪಿ ಹೋಗುತ್ತೆ."

"ಹೋಗ್ಲಿ."

ಧೈರ್ಯದಿಂದ ಅಂದದ್ದಲ್ಲ. ನನ್ನ ಕೈಯನ್ನು ನಾನೇ ನಂಬದ ಮೇಲೆ ಅವರಾದರೂ ಯಾಕೆ ನಂಬಬೇಕು ಎನ್ನಿಸಿತ್ತು.

ಇನ್ನೊಂದು ಕಾರು ಬರಲು ಹನ್ನೆರಡು ದಿನ ಹಿಡಿಯಿತು. ಕಂಪನಿಯವರು ಮುಖ ಗಂಟು ಹಾಕಿಕೊಂಡೇ ತಂದುಕೊಟ್ಟರು. ಆ ಹನ್ನೆರಡು ದಿನವೂ ಊಟದ ಕೋಣೆಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಯಾರೋ ಒಬ್ಬರು, "ಮೇಡಂ, ಊಟ ಮಾಡಿದ್ರಾ, ನೆನಪಿದೆಯಾ?" ಎಂದು ಕೇಳಿದರು. ನಾನೂ ನಕ್ಕೆ. ಮನೆಗೆ ಹೋಗಿ ಗಂಡನ ಮೇಲೆ ಕೂಗಾಡಿದೆ. ಅವರು ಪಾಪ, ಯಾಕೆಂದು ಕೇಳದೆ ಬೀಗ ಹಾಕಿದ್ದನ್ನು ತಾವೇ ಎರಡೆರಡು ಸಲ ಎಳೆದು ನೋಡಿ ನನಗೆ ಹೇಳತೊಡಗಿದರು.

ಈ ಸಲ ಬಣ್ಣ ಹಚ್ಚಿದ್ದು ದೊಡ್ಡಪ್ಪನನ್ನು ನೋಡಿಕೊಳ್ಳುವವನು. ಗ್ಲೌಸ್ ಹಾಕಿಕೊಂಡು ಹಚ್ಚಿ, ಗ್ಲೌಸ್ ಬಿಚ್ಚಿ, ಚಕ್ರದ ಸುತ್ತ ನಲವತ್ತು ಫೋಟೋ ತೆಗೆಸಿ, ಬಾಗಿಲು ಹಾಕಿದ. ನಾನು ಗಾಜಿನ ಹಿಂದೆ ಕೈ ಕಟ್ಟಿ ನಿಂತೆ. ಏನಾಗಲಿ ಎಂದು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಹಳದಿ ಬಿದ್ದರೆ ನಾನು ಉಳಿದುಕೊಳ್ಳುತ್ತೇನೆ, ಬೀಳದಿದ್ದರೆ ಅಕ್ಕನ ಕಾರು ಉಳಿದುಕೊಳ್ಳುತ್ತದೆ. ಕಾರು ಬಂತು, ಗುದ್ದಿತು, ಮುಗಿಯಿತು.

ನಾನು ಚಕ್ರ ನೋಡಲಿಲ್ಲ. ನೇರ ಚಿಕ್ಕಮ್ಮನ ಹತ್ತಿರ ಹೋಗಿ ಮುಖ ಎತ್ತಿ ನೋಡಿದೆ. ಗದ್ದದ ಹಳದಿಯ ನಡುವೆ ಒಂದು ಕಪ್ಪು ಗೆರೆ, ಚಕ್ರದ ಹೊದಿಕೆಯ ಹೊಲಿಗೆಯ ಸಮೇತ. ಮಿಲಿಸೆಕೆಂಡು ಚೀಲ ಸರಿಸಿದರು. ಚಕ್ರದ ಮೇಲ್ತುದಿಯಲ್ಲಿ, ಅದೇ ಜಾಗದಲ್ಲಿ, ಹೆಬ್ಬೆರಳಗಲ ಹಳದಿ.

ಮಿಲಿಸೆಕೆಂಡು ನನ್ನ ಹೆಗಲು ತಟ್ಟಿ, "ನಿಮಗೆ ನೆನಪಿಲ್ದೇ ಇದ್ದಿದ್ದೇ ಒಳ್ಳೇದಾಯ್ತು" ಅಂದರು.

ನನಗೆ ಖುಷಿಯಾಯಿತು. ನಿಜಕ್ಕೂ ಆಯಿತು, ಒಂದು ಚಹಾ ಕುಡಿಯುವಷ್ಟು ಹೊತ್ತು. ಅಕ್ಕನಿಗೆ ಫೋನ್ ಮಾಡಿ ನಿನ್ನ ಕಾರು ತಡವಾಗುತ್ತದೆ ಅಂದೆ. "ನಿಮ್ಮ ಕೆಲ್ಸಾನೇ ಇಷ್ಟು" ಎಂದು ಬೈದು ಇಟ್ಟಳು. ಲೋಟ ಕೆಳಗಿಡುವಾಗ ಇನ್ನೊಂದು ನೆನಪಾಯಿತು. ಹಿಂದೆ ನಕ್ಕು "ಹೂಂ ಸರ್, ನನ್ನದೇ" ಅಂದದ್ದು. ಒಂದು ಸಲ ಅಲ್ಲ. ಮೂರು ಸಲ. ಮೂರು ಬೇರೆ ಬೇರೆ ಮಾದರಿಯ ಕಾರು. ನಾನು ಹೂಂ ಅಂದೆ, ಒದ್ದೆ ಬಟ್ಟೆಯಿಂದ ಒರೆಸಿದೆ, ಅವು ಪಾಸಾಗಿ ರಸ್ತೆಗಿಳಿದವು. ಆ ದಿನಗಳಲ್ಲಿ ನನಗೆ ನಿಜವಾಗಿ ನೆನಪಿತ್ತಾ? ಅಥವಾ ಕೇಳಿದರೆಂದು ಹೂಂ ಅಂದೆನಾ?

ನನ್ನ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಬಿದ್ದೆ. ಬಸ್ ಸ್ಟಾಪಿನ ಎದುರು ಸಿಗ್ನಲ್ ಕೆಂಪಾಗಿತ್ತು. ನಿಂತ ಸಾಲಿನಲ್ಲಿ ಮೊದಲನೆಯದೇ ಆ ಮೂರರಲ್ಲಿ ಒಂದು. ಬಣ್ಣ ಬೇರೆ, ಅಷ್ಟೇ. ಒಳಗೊಬ್ಬ ಗಿಡ್ಡ ಹೆಂಗಸು, ಸೀಟನ್ನು ಎಷ್ಟಾಗುತ್ತೋ ಅಷ್ಟು ಮುಂದೆಳೆದುಕೊಂಡು, ಗದ್ದವನ್ನು ಇನ್ನೇನು ಚಕ್ರದ ಮೇಲೆ ಇಟ್ಟೇಬಿಟ್ಟಂತೆ ಕೂತು ದೀಪ ನೋಡುತ್ತಿದ್ದಳು. ಹೋಗಿ ಗಾಜು ತಟ್ಟಿದೆ. ಅವಳು ಗಾಬರಿಯಿಂದ ಇಳಿಸಿದಳು.

"ಸೀಟು ಸ್ವಲ್ಪ ಹಿಂದೆ ಹಾಕ್ಕೊಳ್ಳಿ" ಅಂದೆ.

"ಯಾಕ್ರೀ?"

ಯಾಕೆಂದು ಹೇಳಲಿ. ನನ್ನ ಕೈಯೋ ಅಲ್ಲವೋ ನನಗೇ ಗೊತ್ತಿಲ್ಲ ಎಂದೇ?

"ಸುಮ್ನೆ. ಹಿಂದೆ ಹಾಕ್ಕೊಳ್ಳಿ."

"ಹಿಂದೆ ಹಾಕಿದ್ರೆ ಕಾಲು ಎಟುಕಲ್ಲ" ಎಂದು, ತಲೆ ಕೆಟ್ಟವಳನ್ನು ನೋಡುವಂತೆ ನೋಡಿ, ಗಾಜು ಏರಿಸಿದಳು. ಹಸಿರು ಬಂತು, ಹೋದಳು.

ನನ್ನ ಬಸ್ಸೂ ಬಂತು. ಹತ್ತಲಿಲ್ಲ. ವಾಪಸ್ ಹೋಗಿ ಮಿಲಿಸೆಕೆಂಡು ಅವರ ಬಾಗಿಲಲ್ಲಿ ನಿಂತು, ಮೂರು ಕಾರಿನ ಹೆಸರು ಹೇಳಿದೆ.