ಆಯುಧಪೂಜೆಯ ನೀರು

ಶುಕ್ರವಾರ ಬೆಳಗಿನ ಐದೂವರೆಗೆ ರಾಜಶ್ರೀ ಕೀ ತಿರುಗಿಸಿದಾಗ ಕರೆಂಟು ಗಾಡಿಯ ಪುಟ್ಟ ಪರದೆ ಬೆಳಗಲಿಲ್ಲ. ಮತ್ತೆ ತಿರುಗಿಸಿದಳು. ಸೆರಗಿನಿಂದ ಒರೆಸಿದಳು. ಬೈದಳು. ಹ್ಯಾಂಡಲ್ಲಿಗೆ ಕಟ್ಟಿದ್ದ ಚೆಂಡುಹೂವಿನ ಹಾರ ಇನ್ನೂ ಬಾಡಿರಲಿಲ್ಲ, ಗಾಡಿ ಮಾತ್ರ ಸತ್ತಿತ್ತು.

ಕುಷ್ಟಗಿ ಕಡೆಯ ಹೆಣ್ಣುಮಗಳು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಕೋಣೆ. ಜಯನಗರದ ಒಂದು ಲ್ಯಾಬಿಗಾಗಿ ಮನೆಮನೆಗೆ ಹೋಗಿ ರಕ್ತ ತೆಗೆದು ತರುವ ಕೆಲಸ. ಎಡಗಾಲು ಪೋಲಿಯೋಗೆ ಹೋಗಿತ್ತು. ಆ ಕಾಲು ನೋಡಿಯೇ ಲೈಸೆನ್ಸ್ ಕೊಡುವ ಸಾಹೇಬ ಮೂರು ಸಲ ಅರ್ಜಿ ವಾಪಸ್ ಎಸೆದಿದ್ದ. ಲೈಸೆನ್ಸೇ ಬೇಡದ ಈ ಗಾಡಿ ಊರಿಗೆ ಬಂದ ಮೇಲೆ, ಅದಕ್ಕೆ ಎರಡು ಪುಟ್ಟ ಚಕ್ರ ಕಟ್ಟಿಸಿಕೊಂಡು, ಎರಡು ವರ್ಷದಿಂದ ಅವಳು ಯಾರ ಕೈಯನ್ನೂ ಹಿಡಿಯದೆ ಓಡಾಡಿದ್ದಳು. ಬರಿಹೊಟ್ಟೆಯಲ್ಲಿ ಕಾದು ಕೂತ ಹನ್ನೆರಡು ಮನೆಗಳನ್ನು ಎಂಟೂವರೆಯೊಳಗೆ ಮುಗಿಸಬೇಕು. ಬಸ್ಸಿನಲ್ಲಿ ಅದು ಆಗುವ ಮಾತಲ್ಲ.

ಲ್ಯಾಬಿನ ಮಾಲೀಕ ಗೌರೀಶಂಕರನಿಗೆ ಫೋನ್ ಮಾಡಿದಳು. "ಇವತ್ತು ಶ್ವೇತನ್ನ ಕಳಿಸ್ತೀನಿ. ಮಧ್ಯಾಹ್ನದೊಳಗೆ ಗಾಡಿ ರೆಡಿ ಮಾಡ್ಕೊಂಡು ಬಾ. ಇಲ್ಲಾಂದ್ರೆ ಸ್ಯಾಂಪಲ್ ಬಾಕ್ಸ್ ತಂದಿಟ್ಬಿಡು" ಎಂದ. ಬಾಕ್ಸ್ ತಂದಿಡುವುದೆಂದರೆ ಕೆಲಸ ಬಿಡುವುದು ಎಂದು ಆ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತು.

ರಸ್ತೆಯ ಕೊನೆಗೆ ಸಂಜೀವಯ್ಯನ ಅಂಗಡಿ. ಆಟೋ, ಸ್ಕೂಟರುಗಳ ವೈರಿಂಗ್ ಮಾಡುವ ಮುದುಕ. ಚಕ್ರ ಕಟ್ಟಿಕೊಟ್ಟವನೂ ಅವನೇ. ಗಾಡಿಯನ್ನು ತಳ್ಳಿಕೊಂಡು, ಕಾಲೆಳೆದುಕೊಂಡು ಅವಳು ಅಲ್ಲಿಗೆ ತಲುಪುವ ಹೊತ್ತಿಗೆ ಅವನು ಬಾಗಿಲಿಗೆ ನೀರು ಹಾಕುತ್ತಿದ್ದ.

"ಏನಮ್ಮ, ಚಾರ್ಜ್ ಹಾಕೋದು ಮರೆತ್ಯಾ?"

"ರಾತ್ರಿ ಪೂರ್ತಿ ಹಚ್ಚಿದ್ನಿರೀ. ಹಸಿರು ಲೈಟ್ ಬಂದಿತ್ತು."

"ಹಸಿರು ಲೈಟ್ ಚಾರ್ಜರದು. ಗಾಡಿಯ ಸತ್ಯ ಬೇರೆ ಇರತ್ತೆ." ಸೀಟು ಎತ್ತಿ ಬಲ್ಬು ಹಚ್ಚಿ ನೋಡಿದ. ಬ್ಯಾಟರಿ ಗಟ್ಟಿಯಾಗಿತ್ತು. ಫ್ಯೂಸ್ ಸರಿ. ಕೀಲಿಯವರೆಗೂ ಕರೆಂಟು ಬರುತ್ತಿತ್ತು. ಒಂದೊಂದು ಸರಿ ಇದೆ ಎಂದಾಗಲೂ ಅವಳಿಗೆ ಉಸಿರು ಬಂದು, ಮರುಕ್ಷಣ ಹೋಗುತ್ತಿತ್ತು. ಕೊನೆಗೆ ಅವನು ಪರದೆಯ ಡಬ್ಬಿಯನ್ನೇ ಬಿಚ್ಚಿ ಓರೆ ಮಾಡಿದ. ಒಳಗಿನಿಂದ ನೀರು ತೊಟ್ಟಿಕ್ಕಿತು. ಕೆಂಪು ನೀರು.

ರೂಢಿಬಿದ್ದ ಕೈ. ಹೆಗಲಿನ ಸ್ಯಾಂಪಲ್ ಬಾಕ್ಸಿನಿಂದ ರಕ್ತ ಹಿಡಿಯುವ ಪುಟ್ಟ ಬಾಟಲಿ ತೆಗೆದು ಅದಕ್ಕೆ ಹಿಡಿದೇಬಿಟ್ಟಳು.

"ಕುಂಕುಮದ ನೀರು!" ಸಂಜೀವಯ್ಯ ತಲೆ ಚಚ್ಚಿಕೊಂಡ. "ಯಾರಮ್ಮ ಇದಕ್ಕೆ ಅಭಿಷೇಕ ಮಾಡಿದ್ದು?"

ಯಾರು ಮಾಡಿದ್ದೆಂದು ಅವಳ ಕಣ್ಣಿಗೇ ಕಟ್ಟಿತ್ತು. ಬುಧವಾರ ಲ್ಯಾಬಿನ ಆಯುಧಪೂಜೆ. ಎಲ್ಲರ ಗಾಡಿಗಳೂ ಸಾಲಾಗಿ ನಿಂತು, ಕುಂಕುಮ ಮೆತ್ತಿಸಿಕೊಂಡವು. ಅವಳ ಗಾಡಿಯ ಪರದೆಗೂ ಬೊಟ್ಟು. ಆಮೇಲೆ ಗೌರೀಶಂಕರ ಕರೆಸಿದ್ದ ಅಡ್ವರ್ಟೈಸ್‌ಮೆಂಟಿನವರು ಫೋಟೋ ತೆಗೆಯಬೇಕಂತೆ, ಗಾಡಿಗಳು ಫಳಫಳ ಹೊಳೆಯಬೇಕಂತೆ. ಅವನೇ ಪೈಪು ಹಿಡಿದ. "ಮುಂದಿನ ಕಡೆ ನೀರು ಬಿಡಬಾರ್ದಂತ್ರೀ ಸರ್, ಶೋರೂಮಿನವ್ರು ಹೇಳ್ಯಾರ" ಎಂದು ಅವಳು ಅಡ್ಡ ನಿಂತಳು. "ಮಳೇಲಿ ಓಡ್ಸಲ್ವೇನಮ್ಮಾ? ಇದೇನು ಸಕ್ಕರೆ ಗೊಂಬೇನಾ?" ಎಂದು ಅವನು ನಕ್ಕ. ಅವನು ನಕ್ಕರೆ ಎಲ್ಲರೂ ನಗಬೇಕು, ನಕ್ಕರು. ಸಂಬಳ ಕೊಡುವವನ ಕೈಯಿಂದ ಪೈಪು ಕಿತ್ತುಕೊಳ್ಳುವ ಧೈರ್ಯ ಅವಳಿಗಾದರೂ ಎಲ್ಲಿಂದ ಬರಬೇಕು? ಬದಿಗೆ ಸರಿದಳು. ಆ ಸರಿದ ಹೆಜ್ಜೆ ಈಗ ಎದೆಯಲ್ಲಿ ಚುಚ್ಚುತ್ತಿತ್ತು.

ಸಂಜೀವಯ್ಯ ಹಸಿರುಗಟ್ಟಿದ ಪಿನ್ನುಗಳನ್ನು ಉಜ್ಜಿ, ಬೋರ್ಡನ್ನು ಬಿಸಿಲಿಗಿಟ್ಟ. ಶೋರೂಮಿಗೆ ಫೋನ್ ಹಚ್ಚಿಕೊಟ್ಟ. "ನೀರು ಹೋಗಿದ್ರೆ ಗ್ಯಾರಂಟಿ ಬರಲ್ಲ ಮೇಡಂ. ಆ ಮಾಡೆಲ್ ನಿಂತೋಗಿದೆ. ಪಾರ್ಟ್ ಚೀನಾದಿಂದ ಬರಬೇಕು, ಬಂದ್ರೆ" ಎಂದಿತು ಆ ಕಡೆಯ ದನಿ. ಗಾಡಿ ಕೊಟ್ಟ ದಿನ ಹಾರ ಹಾಕಿ ಆರತಿ ಎತ್ತಿದವರು ಅವರೇ.

ಹನ್ನೊಂದಕ್ಕೆ ಬೋರ್ಡು ಒಣಗಿತು. ಜೋಡಿಸಿ ಕೀ ತಿರುಗಿಸಿದರೆ, ಅಂಕಿಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. "ಬಂತ್ರೀ ಸಂಜೀವಣ್ಣಾ, ಬಂತು!" ಎಂದು ಅವಳು ಕೂಗಿಯೇಬಿಟ್ಟಳು. ಮೂರೆಣಿಸುವಷ್ಟರಲ್ಲಿ ಸುಟ್ಟ ವಾಸನೆ. ಪರದೆ ಕಪ್ಪಾಯಿತು.

"ಇದನ್ನ ಬಿಟ್ಟು ಸೀದಾ ಓಡಿಸಾಕ ಬರಂಗಿಲ್ಲೇನ್ರೀ?"

"ಮೋಟಾರಿಗೆ ಕರೆಂಟು ಬಿಡು ಅಂತ ಹೇಳೋದೇ ಈ ಬೋರ್ಡು ಕಣಮ್ಮ. ಇದು ಹೂಂ ಅನ್ನದೆ ಅದು ತಿರುಗಲ್ಲ." ಮುದುಕ ಸ್ಕ್ರೂ ಡ್ರೈವರನ್ನು ಕೆಳಗಿಟ್ಟ. ಕೂಲಿ ಅಂತ ಏನೂ ತೆಗೆದುಕೊಳ್ಳಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ.

ಎರಡು ಬಸ್ಸು ಹತ್ತಿ ಇಳಿದು ಅವಳು ಲ್ಯಾಬು ಮುಟ್ಟಿದಾಗ ಹನ್ನೆರಡೂಮುಕ್ಕಾಲು. ಗೌರೀಶಂಕರ ಗಡಿಯಾರ ನೋಡಿದ, ಆಮೇಲೆ ಗಾಡಿಯಿಲ್ಲದೆ ಬಂದ ಅವಳ ಕಾಲು ನೋಡಿದ.

"ಗಾಡಿ ಎಲ್ಲಿ?"

"ನೀವು ಪೈಪ್ ಹಿಡಿದಿದ್ರಲ್ರೀ ಸರ್, ಅದೇ ನೀರು ಒಳಗ ಹೋಗಿ ಸುಟ್ಟೈತಿ. ಬ್ಯಾಡ ಅಂದಿದ್ನಿ ನಾ."

"ಪೂಜೆಗೆ ತೊಳೆದದ್ದಕ್ಕೆ ನನ್ನ ಮೇಲೆ ಗೂಬೆ ಕೂರಿಸ್ತೀಯಾ? ಹತ್ತು ಗಾಡಿ ತೊಳೆದೆ, ಒಂಬತ್ತು ಓಡ್ತಿವೆ."

"ಆ ಒಂಬತ್ತೂ ಪೆಟ್ರೋಲಿನವ್ರೀ."

"ಪೆಟ್ರೋಲಿಂದು ತಗೋಬೇಕಿತ್ತು."

ಅವಳು ಬಾಕ್ಸನ್ನು ಅವನ ಮೇಜಿನ ಮೇಲಿಟ್ಟಳು. ಅದರಿಂದ ಆ ಬಾಟಲಿ ತೆಗೆದು, ರೋಗಿಗಳಿಗೆ ಅಂಟಿಸುವ ಚೀಟಿ ಅಂಟಿಸಿ, ತನ್ನ ದುಂಡು ಅಕ್ಷರದಲ್ಲಿ ಬರೆದಳು: ಗೌರೀಶಂಕರ. ಆಯುಧಪೂಜೆ. ಬುಧವಾರ ಸಂಜೆ ನಾಲ್ಕು. ಎಲ್ಲರೂ ನೋಡುತ್ತಿದ್ದಂತೆ ಅದನ್ನು ಪರೀಕ್ಷೆಗೆ ಕಳಿಸುವ ಟ್ರೇಯಲ್ಲಿ, ಉಳಿದವರ ರಕ್ತದ ಬಾಟಲಿಗಳ ಸಾಲಿನಲ್ಲಿ ನಿಲ್ಲಿಸಿದಳು.

"ಇದರದೊಂದು ರಿಪೋರ್ಟ್ ಮಾಡ್ರೀ ಸರ್. ನನಗ ಬ್ಯಾಡ. ನೀವು ಓದಿಕೊಳ್ರೀ."

ಯಾರೂ ನಗಲಿಲ್ಲ. ಯಾರೂ ಅವಳ ಪಕ್ಕಕ್ಕೆ ಬಂದು ನಿಲ್ಲಲೂ ಇಲ್ಲ. ಶ್ವೇತ ತಲೆ ತಗ್ಗಿಸಿ ನಾಳೆಯ ಮನೆಗಳ ಪಟ್ಟಿಯನ್ನು ಮಡಚುತ್ತಿದ್ದಳು. ಗೌರೀಶಂಕರ ಎರಡು ಬೆರಳಲ್ಲಿ ಬಾಟಲಿಯನ್ನೆತ್ತಿ ಲ್ಯಾಬಿನ ಕಸದ ಕೆಂಪು ಡಬ್ಬಕ್ಕೆ ಹಾಕಿ, ಕೈ ತೊಳೆಯಲು ಎದ್ದ.

ಮೆಟ್ಟಿಲ ಕೆಳಗೆ ಒಂಬತ್ತು ಗಾಡಿಗಳು ಹಾರ ಹಾಕಿಕೊಂಡು ನಿಂತಿದ್ದವು. ರಾಜಶ್ರೀ ಅವುಗಳ ನಡುವೆ, ಒಂದೊಂದು ಸೀಟಿನ ಮೇಲೆ ಕೈಯೂರಿಕೊಂಡು, ರಸ್ತೆಯವರೆಗೆ ನಡೆದಳು. ಅಲ್ಲಿಂದ ಮುಂದಕ್ಕೆ ಹಿಡಿಯಲು ಏನೂ ಇರಲಿಲ್ಲ.